ಗಿರಿಜಳ ಮದುವೆಗೆ ಇಬ್ಬರು ಬರಲಿಲ್ಲ

ಮೈದುನ ಚಂದ್ರುವಿಗೆ ನಿನ್ನ ಅತ್ತಿಗೆಯ ಆಶೀರ್ವಾದಗಳು.

ಹೋದವರಿಗೆ ಆಶೀರ್ವಾದ ಮಾಡುವ ಪದ್ಧತಿ ಇಲ್ಲವಂತೆ, ಮಗಳು ಗಿರಿಜ ಹೇಳಿದಳು. ನನಗಿಂತ ಚಿಕ್ಕವನು ನೀನು. ಹೋದ ಮಾತ್ರಕ್ಕೆ ದೊಡ್ಡವನಾಗಿಬಿಡುತ್ತೀಯಾ?

ನಾನು ಈ ಚಾಮರಾಜಪೇಟೆಯ ಮನೆಗೆ ಸೊಸೆಯಾಗಿ ಬಂದಾಗ ನೀನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನನ್ನ ಹೈಸ್ಕೂಲು ಆಗಷ್ಟೇ ಮುಗಿದಿತ್ತು. ಅತ್ತೆ ಇರಲಿಲ್ಲ. ನಿನ್ನ ತಲೆಗೆ ಎಣ್ಣೆ ಹಚ್ಚುವುದರಿಂದ ಹಿಡಿದು ಮಗ್ಗಿ ಒಪ್ಪಿಸಿಕೊಳ್ಳುವವರೆಗೆ ಎಲ್ಲವೂ ನನ್ನ ಕೆಲಸ. ನಿಮ್ಮಣ್ಣನಿಗೆ ಅಕ್ಕಿಪೇಟೆಯ ಪಾತ್ರೆ ಅಂಗಡಿ ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ನೀನು ಅಂಗಡಿಗೆ ಹೋಗುತ್ತಿದ್ದೆ. ಆದರೆ ನಮ್ಮ ಅಂಗಡಿಯಲ್ಲಿ ಎಲ್ಲಿ ಇರುತ್ತಿದ್ದೆ? ಪಕ್ಕದ ಗುರುಶಾಂತಪ್ಪನವರ ಅಕ್ಕಿ ಮಂಡಿಯಲ್ಲಿ ಮೂಟೆ ಹತ್ತಿ ಮಲಗಿಬಿಡುತ್ತಿದ್ದೆ. ಅವರು ನಿನ್ನನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ನಡುಮನೆಯಲ್ಲಿ ಇಳಿಸಿ, "ತಗೊಳಮ್ಮ ನಿಮ್ಮ ಮೂಟೆ. ತೂಕ ಸರಿಯಾಗಿದ್ಯಾ ನೋಡ್ಕೊಳಿ," ಎನ್ನುತ್ತಿದ್ದರು.

ನೀನು ಕರಿಕೋಟು ಹಾಕಿದ ಮೊದಲ ದಿನ ನೆನಪಿದೆಯಾ? ಕತ್ತಿನ ಬಿಳಿ ಪಟ್ಟಿಗೆ ನಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದೆ. ಗಂಜಿ ಸ್ವಲ್ಪ ಜಾಸ್ತಿಯಾಗಿ ಅದು ಹಲಗೆಯಂತೆ ನಿಂತಿತು. ಸಂಜೆ ಬಂದವನೇ ಗಲ್ಲ ಉಜ್ಜಿಕೊಂಡೆ. "ಅತ್ತಿಗೆ, ಜಡ್ಜ್ ಮುಂದೆ ತಲೆ ಬಗ್ಸೋಕೇ ಆಗ್ಲಿಲ್ಲ."

"ಬಗ್ಸಬೇಡ. ಅದಕ್ಕೇ ಹಾಕಿರೋದು," ಎಂದೆ.

ಆಮೇಲೆ ನೀನು ಸರ್ಕಾರಿ ವಕೀಲನಾದೆ. ಗೇಟು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಸರ್ಕಾರದ ಮೇಲೆ ಕೇಸು ಇರುವವರು ಯಾರೂ ಒಳಗೆ ಬರಬಾರದು ಎಂದು ನೀನು ಹೇಳಿದ್ದು ಒಂದೇ ಸಲ. ನನಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಒಬ್ಬ ಹಲಸಿನಹಣ್ಣು ಹೊತ್ತು ತಂದಿದ್ದ. "ನಮ್ಮ ತೋಟದ್ದು ತಾಯಿ, ಬೇರೆ ಏನೂ ಇಲ್ಲ," ಎಂದ. "ನಿಮ್ಮ ತೋಟದ್ದನ್ನ ನಿಮ್ಮ ಮನೇಲೇ ಕೊಯ್ದು ತಿನ್ನಿ," ಎಂದು ಗೇಟು ಹಾಕಿದೆ. ನೀನು ಒಳಗೆ ಕುಳಿತು ನಗುತ್ತಿದ್ದೆ. "ಅತ್ತಿಗೆ, ನಿಮ್ಮನ್ನ ಹೈಕೋರ್ಟ್ ಬಾಗಿಲಲ್ಲಿ ನಿಲ್ಲಿಸ್ಬೇಕು!"

ಆದರೆ ಪೇಟೆಯಲ್ಲಿ ಸರ್ಕಾರದ ಜೊತೆ ಒಂದಲ್ಲ ಒಂದು ವ್ಯಾಜ್ಯ ಇಲ್ಲದವರು ಯಾರಿದ್ದರು? ಹಬ್ಬಕ್ಕೆ ಬರುತ್ತಿದ್ದವರು ಬರುವುದು ಬಿಟ್ಟರು. ಹೊತ್ತಲ್ಲದ ಹೊತ್ತಿಗೆ ಕಾಫಿಗೆಂದು ನುಗ್ಗುತ್ತಿದ್ದವರೂ ಬಿಟ್ಟರು. ನನಗೆ ಭಯವಾಗುತ್ತಿತ್ತು, ಚಂದ್ರು. ನೀನು ಮದುವೆ ಬೇಡವೆಂದವನು. ಹೀಗೆ ಒಬ್ಬೊಬ್ಬರನ್ನೇ ದೂರ ಮಾಡಿಕೊಂಡು ಹೋದರೆ... ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ. "ಕಾನೂನು ಕಟ್ಕೊಂಡು ಕೂತಿರು. ನಾಳೆ ಚಂದ್ರು ಮನೆ ಅಂತ ಬರೋಕೆ ಒಂದು ನರಪಿಳ್ಳೆ ಇರಲ್ಲ."

"ನೀವಿದೀರಲ್ಲ ಅತ್ತಿಗೆ," ಎಂದು ಫೈಲು ತಿರುವಿದೆ.

ಗಿರಿಜಳ ಮದುವೆ ಗೊತ್ತಾದಾಗ ಅಕ್ಕಿ ವ್ಯಾಪಾರಿಗಳ ತೆರಿಗೆ ಕೇಸು ನಡೆಯುತ್ತಿತ್ತು. ವ್ಯಾಪಾರಿಗಳ ಪರವಾಗಿ ಕೇಸು ಹಾಕಿದವರು ಗುರುಶಾಂತಪ್ಪನವರು. ಸರ್ಕಾರದ ಕಡೆಯ ವಕೀಲ ನೀನು. ಅವರು ಚಿಕ್ಕಂದಿನಿಂದ ಪರಿಚಯದವರೆಂದು ನೀನು ಮೊದಲೇ ಮೇಲಿನವರಿಗೆ ತಿಳಿಸಿದ್ದೆ, ಅವರು ನೀನೇ ನಡೆಸು ಎಂದಿದ್ದರು. ಮದುವೆಗೆ ಯಾರ ಯಾರನ್ನು ಕರೆಯುವುದೆಂದು ಮಾತಾಡುತ್ತಿದ್ದಾಗ ನೀನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಗುರುಶಾಂತಪ್ಪನೋರನ್ನ ಕರೀರಿ. ಅವರನ್ನ ಬಿಡಬೇಡಿ. ನಾನು ಬರಲ್ಲ."

"ಯಾವ ಸೀಮೆ ಕಾನೂನೋ ಇದು?"

"ಕಾನೂನಲ್ಲಿಲ್ಲ ಅತ್ತಿಗೆ. ನಾಳೆ ಒಂದಿನ ತೀರ್ಪು ಬರತ್ತೆ. ಇಬ್ಬರೂ ಒಂದೇ ಪಂಕ್ತೀಲಿ ಕೂತು ಊಟ ಮಾಡಿದ್ರು ಅಂತ ಒಬ್ಬ ಅಂದ್ರೆ ಸಾಕು. ಅವರು ಗೆದ್ರೂ ಮಾತು, ಸೋತ್ರೂ ಮಾತು."

"ಕೇಸನ್ನ ಬೇರೆಯವರಿಗೆ ಕೊಟ್ಟು ಬಾ."

"ಅರ್ಧ ವಾದ ಆಗಿದೆ. ಈಗ ಬಂದವರು ಏನು ಮಾಡ್ತಾರೆ?"

ನಾನು ಬೈದೆ. ನಿಮ್ಮಣ್ಣ ಊಟ ಬಿಟ್ಟು ಎದ್ದರು. ನೀನು ಮಾತ್ರ ಜಗ್ಗಲಿಲ್ಲ. ಮದುವೆಯ ದಿನ ಗಿರಿಜ ಹೊರಡುವ ಮುಂಚೆ ನಿನ್ನ ಕಾಲಿಗೆ ಬಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟು ನೀನು ಏನೋ ಹೇಳಲು ಹೋದೆ. ಹೊತ್ತಾಯಿತೆಂದು ನಾನು ಅವಳನ್ನು ಎಳೆದುಕೊಂಡು ಹೊರಟೆ.

ಇಲ್ಲಿಯವರೆಗೆ ನಿನಗೆ ಗೊತ್ತು. ಇನ್ನು ಮುಂದಿನದು ಗೊತ್ತಿಲ್ಲ.

ಬಸವನಗುಡಿಯ ಛತ್ರಕ್ಕೆ ಎಲ್ಲರಿಗಿಂತ ಮೊದಲು ಬಂದವರು ಗುರುಶಾಂತಪ್ಪನವರು. ಜರಿ ಪೇಟ, ಹೊಸ ಪಂಚೆ. ಸುತ್ತ ಕಣ್ಣಾಡಿಸಿ ನೇರ ನನ್ನ ಹತ್ತಿರ ಬಂದರು. "ಎಲ್ಲಮ್ಮಾ ನಮ್ಮ ವಕೀಲ?"

"ಬರಲ್ಲ."

"ಯಾಕಂತೆ?"

"ನೀವು ಬರ್ತೀರಿ ಅಂತ." ಸುತ್ತಿಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು.

ಅವರು ತಟ್ಟೆಯಿಂದ ಅಕ್ಷತೆ ತೆಗೆದುಕೊಂಡು ನನ್ನ ಅಂಗೈಗೆ ಹಾಕಿದರು. "ನನ್ನ ಪಾಲಿಂದು ನೀವೇ ಹಾಕ್ಬಿಡಿ. ನಾನು ಹೋಗ್ತೀನಿ, ಅವನನ್ನ ಕರೆಸಿ. ಚಿಕ್ಕಪ್ಪ ಇಲ್ದೆ ಮದುವೆ ಮಾಡ್ತಾರೇನಮ್ಮ?" ನಾನು ತಡೆಯುವಷ್ಟರಲ್ಲಿ ಮೆಟ್ಟಿಲಿಳಿದರು. ಒಂದು ಲೋಟ ಪಾನಕ ಕೂಡ ಕುಡಿಯಲಿಲ್ಲ.

ನಿಮ್ಮಣ್ಣ ಕಾರು ತೆಗೆದುಕೊಂಡು ಮನೆಗೆ ಓಡಿದರು. ಮನೆಗೆ ಬೀಗ. ಪಕ್ಕದ ಮನೆಯವರನ್ನು ಕೇಳಿದರು, ಎದುರು ಮನೆಯವರನ್ನು ಕೇಳಿದರು. ಎಲ್ಲೋ ಹೊರಗೆ ಹೋದರು ಎಂದರಂತೆ. ಆಗ ಮೊಬೈಲು ಎಲ್ಲಿತ್ತು? ಮುಹೂರ್ತ ಯಾರಿಗೆ ಕಾಯುತ್ತದೆ? ನಿನಗಾಗಿ ಅವರು ಎದ್ದು ಹೋದರು, ಅವರಿಗಾಗಿ ನೀನು ಬರಲಿಲ್ಲ. ಇಬ್ಬರೂ ಇಲ್ಲದೆ ನನ್ನ ಮಗಳ ಮದುವೆಯಾಯಿತು. ನಾನು ನನ್ನ ಅಕ್ಷತೆ ಹಾಕಿದೆ, ಅವರದು ಹಾಕಿದೆ, ನಿನ್ನ ಹೆಸರಿನಲ್ಲಿ ಇನ್ನೊಂದು ಹಿಡಿ ಹಾಕಿದೆ.

ಅವತ್ತು ಸಂಜೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ್ದಕ್ಕೆ ಏನು ಹೇಳಿದೆ ಗೊತ್ತಾ? "ಲಾಲ್‌ಬಾಗ್ ಬಂಡೆ ಮೇಲೆ ಕೂತಿದ್ದೆ ಅತ್ತಿಗೆ. ಅಲ್ಲಿಗೆ ವಾದ್ಯ ಕೇಳ್ಸತ್ತೇನೋ ಅಂತ..." ಕೇಳಿಸಿತೇ ಎಂದು ನಾನು ವಿಚಾರಿಸಲಿಲ್ಲ.

ಗುರುಶಾಂತಪ್ಪನವರ ವಿಷಯ ನಿನಗೆ ಹೇಳಬೇಡಿ ಎಂದು ನಿಮ್ಮಣ್ಣನಿಗೂ ಕಟ್ಟುನಿಟ್ಟು ಮಾಡಿದೆ. ತಿಳಿದಿದ್ದರೆ ನೀನು ಮರುದಿನವೇ ಕೇಸು ಬಿಟ್ಟು ಬರುತ್ತಿದ್ದೆ. ಎದುರು ಕಕ್ಷಿಯ ಉಪಕಾರ ನನ್ನ ಮೇಲಿದೆ ಎನ್ನುತ್ತಿದ್ದೆ. ಮಗಳ ಮದುವೆಯನ್ನೇ ಆ ಕೇಸಿಗೆ ಕೊಟ್ಟಾಗಿತ್ತು. ಇನ್ನು ಅದನ್ನು ಅರ್ಧಕ್ಕೆ ಬಿಡುವುದೆಂದರೇನು? ನಾನು ಮಾಡಿದ್ದು ಸರಿ. ಇವತ್ತಿಗೂ ಹಾಗೇ ಹೇಳುತ್ತೇನೆ. ಕೇಸು ನೀನು ಗೆದ್ದೆ. ಅವರು ಸೋತರು.

ಆಮೇಲೆ ನೀನು ಕಾನೂನು ಇಲಾಖೆಗೆ ಹೋದೆ, ಬಡವರಿಗೆ ವಕೀಲರನ್ನು ಗೊತ್ತುಮಾಡಿಕೊಡುವ ಕಚೇರಿ ನೋಡಿಕೊಂಡೆ. ಊರೂರು ಸುತ್ತಿ ಬಂದು, ಜೈಲಿನಲ್ಲಿ ಹೇಳುವವರು ಕೇಳುವವರಿಲ್ಲದೆ ಬಿದ್ದಿದ್ದವರ ಕಥೆಗಳನ್ನು ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಹೇಳುತ್ತಿದ್ದೆ. ನಾನು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದೆ. ನಿಮ್ಮಣ್ಣ ಹೋದರು. ನೀನು ನಿವೃತ್ತನಾದೆ. ಇನ್ನು ಯಾರು ಬೇಕಾದರೂ ಬರಬಹುದಿತ್ತು. ಆದರೆ ಬರುವ ಅಭ್ಯಾಸವೇ ಜನರಿಗೆ ತಪ್ಪಿಹೋಗಿತ್ತಲ್ಲ! ಸಂಜೆ ನೀನು ಜಗಲಿಯ ಮೇಲೆ ಕುಳಿತು ಗೇಟಿನ ಕಡೆ ನೋಡುತ್ತಿದ್ದೆ. ಒಂದೇ ಒಂದು ಸಲ, "ಯಾರೂ ಬರಲ್ವಲ್ಲ ಅತ್ತಿಗೆ," ಎಂದೆ. ನನ್ನ ಮಾತು ನಿಜವಾಯಿತೆಂದು ಸಂತೋಷಪಡುವವಳೇ ನಾನು?

ನಿನ್ನ ಹನ್ನೊಂದನೇ ದಿನದ ಆರಾಧನೆಗೆ ಮನೆಯವರ ಮಟ್ಟಿಗೆ ಅಡಿಗೆ ಮಾಡಿಸಿದರೆ ಸಾಕು ಎಂದಿದ್ದೆ. ಅಕ್ಕಿಪೇಟೆಯೇ ಬಂದಿಳಿಯಿತು, ಚಂದ್ರು. ಎರಡು ಸಲ ಅನ್ನಕ್ಕೆ ಇಟ್ಟೆವು. ಗುರುಶಾಂತಪ್ಪನವರು ಕೋಲೂರಿಕೊಂಡು ಬಂದು ಗೇಟಿನ ಹೊರಗೇ ನಿಂತರು. "ಈಗ್ಲಾದ್ರೂ ಒಳಗೆ ಬರಬಹುದೇನಮ್ಮ?"

"ಕೇಸಿದೆಯಾ?"

"ಒಂದೂ ಇಲ್ಲ ತಾಯಿ."

"ಬನ್ನಿ."

ಪಂಕ್ತಿಯಲ್ಲಿ ಕುಳಿತ ಮೇಲೆ ಮೆಲ್ಲಗೆ ಕೇಳಿದರು. "ಅವತ್ತು ನಾನು ಛತ್ರದಿಂದ ಎದ್ದು ಹೋಗಿದ್ದು ಅವನಿಗೆ ಹೇಳಿದ್ರಾ?"

"ಇಲ್ಲ. ಹೇಳಿದ್ರೆ ಕೇಸು ಬಿಟ್ಬಿಡ್ತಿದ್ದ."

"ಅಯ್ಯಯ್ಯೋ! ಹೇಳಬೇಕಿತ್ತಮ್ಮ! ಬೇರೆ ವಕೀಲ ಬಂದಿದ್ರೆ ನಾನು ಗೆಲ್ತಿದ್ದೆ!"

ಇಡೀ ಪಂಕ್ತಿ ನಕ್ಕಿತು. ನಿನ್ನ ಆರಾಧನೆಯಲ್ಲಿ, ನಿನ್ನ ಫೋಟೋದ ಮುಂದೆ. ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಎಲೆಯನ್ನೇ ನೋಡುತ್ತಾ ಕುಳಿತರು. ಸೋತ ಮೇಲೆ ಯಾಕೆ ಒಂದು ಸಲವೂ ಬರಲಿಲ್ಲ ಎಂದು ಕೇಳಿದೆ.

"ಹೇಗೆ ಬರ್ಲಿ? ದೂರು ಹೇಳೋಕೆ ಬಂದ ಅಂದ್ಕೊಂಡ್ರೆ?" ಎಂದರು. ಆಮೇಲೆ ಹೇಳಿದರು, ಅದನ್ನು ನಿನಗೆ ಮುಟ್ಟಿಸಬೇಕೆಂದೇ ಈ ಕಾಗದ ಬರೆಯುತ್ತಿದ್ದೇನೆ. "ನನ್ನ ಕಡೆ ವಕೀಲ ನೀವು ಕೋರ್ಟಿಗೆ ಬರೋದೇ ಬೇಡ ಅಂತಿದ್ದ. ನಾನು ಅಂಗಡಿ ಬಿಟ್ಟು ಪ್ರತಿ ಸಲ ಹೋಗ್ತಿದ್ದೆ. ಆ ವಕೀಲನ್ನ ಯಾರು ಕೇಳ್ತಿದ್ರಮ್ಮ? ಚಂದ್ರು ಮಾತಾಡೋದು ಕೇಳೋಕೆ ಹೋಗ್ತಿದ್ದೆ."

ಕೊನೆಯ ಬೆಂಚು, ಬಾಗಿಲ ಪಕ್ಕ. ನೀನು ಒಂದು ಸಲವೂ ಹಿಂತಿರುಗಿ ನೋಡಲಿಲ್ಲವಂತೆ.

ನಿನ್ನ ಅತ್ತಿಗೆ