ಈ ಕಾಲಕ್ಕೆ ಏನಂತಾರೆ?

ಅಮ್ಮಾ,
ಕೆಮ್ಮು ಬಿಟ್ಟಿದೆ, ಚಿಂತೆ ಬೇಡ. ಇಲ್ಲಿಯ ವಿಚಿತ್ರ ಕೇಳು. ಮರಗಳೆಲ್ಲ ಅರಿಶಿನ ಮೆತ್ತಿಕೊಂಡಂತೆ ಹಳದಿಯಾಗಿವೆ. ಈ ಕಾಲಕ್ಕೆ ಏನಂತಾರೆ ಎಂದು ನಮ್ಮ ಹೊಲಿಗೆ ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಹೆಸರು! ಅಂಗಡಿ ಯಜಮಾನರಿಗೆ ಇದು ಕೋಟಿನ ಕಾಲ. ಬಾಗಿಲ ಮುಂದೆ ಎಲೆ ಗುಡಿಸುವ ಅಕ್ಕ, “ಅಯ್ಯೋ, ನನ್ನ ಸೊಂಟ ಮುರಿಯೋ ಕಾಲ ಕಣೇ” ಎಂದಳು. ಆಮೇಲೆ, “ನಿಮ್ಮ ಕಡೆ ಏನಂತಾರೆ?” ಎಂದು ನನ್ನನ್ನೇ ಕೇಳಿದಳು. ಶರದೃತು ಎಂದರೆ ಮೇಷ್ಟ್ರಿಗೆ ಪಾಠ ಒಪ್ಪಿಸಿದ ಹಾಗಾಗುತ್ತದೆ. “ಮಳೆ ನಿಂತ ಮೇಲೆ ನಮ್ಮಮ್ಮ ಹಾಸಿಗೆ ಬಿಸಿಲಿಗೆ ಹಾಕೋ ಕಾಲ” ಎಂದುಬಿಟ್ಟೆ. ಈಗ ಅಂಗಡಿಯವರೆಲ್ಲ ಹಾಗೇ ಅನ್ನುತ್ತಾರೆ, ಬಿಸಿಲೇ ಇಲ್ಲದ ಊರಿನಲ್ಲಿ! ಕಾರ್ಡು ತುಂಬಿತು. ನನ್ನ ಹಾಸಿಗೆಯನ್ನೂ ಹಾಕುತ್ತೀ ತಾನೆ?
ನಿನ್ನ ಕಿರಿಯವಳು