ಹಲಗೆಗೆ ಕೊಟ್ಟ ಕುಂಡಗಳು

ಆಗಸ್ಟ್ ೧, ಬೆಳಿಗ್ಗೆ ೬.೧೦
ಹಾಲು ಬರಲಿಲ್ಲ. ಪೇಪರೂ ಇಲ್ಲ. ರಂಗೋಲಿ ಡಬ್ಬಿ ಹಿಡಿದು ಗೇಟಿಗೆ ಹೋದರೆ ರಸ್ತೆಗೆ ಎರಡೂ ತುದಿ ಇಲ್ಲ! ಈ ಕಡೆ ಒಳಚರಂಡಿಯವರು ಅಗೆದಿದ್ದಾರೆ, ಆ ಕಡೆ ಕೇಬಲ್‌ನವರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲವಂತೆ. ಮಳೆ ಬಂದು ಎರಡೂ ಗುಂಡಿ ಭರ್ತಿ. ಮೂವತ್ತು ವರ್ಷ ಜಯನಗರದ ಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಎರಡು ಕಡೆ ನೀರು, ಎರಡು ಕಡೆ ಕಾಂಪೌಂಡು ಇರುವ ಭೂಭಾಗಕ್ಕೆ ಏನನ್ನುತ್ತಾರೆ? ಸಿಲಬಸ್‌ನಲ್ಲಿರಲಿಲ್ಲ.

ಆಗಸ್ಟ್ ೩
ಗುಂಡಿಗೆ ಹಲಗೆ ಬಂತು. ಹಲಗೆ ಜಾರುತ್ತದೆ. ಮೇಸ್ತ್ರಿ ಮೌನೇಶ, ರಾಯಚೂರಿನ ಕಡೆಯವನು, ನಮ್ಮ ಗೇಟಿನ ಮುಂದಿನ ನಾಲ್ಕು ಸಿಮೆಂಟ್ ಕುಂಡಗಳ ಮೇಲೆ ಕಣ್ಣು ಹಾಕಿದ.
“ಅಕ್ಕಾರ, ಇವನ್ನ ಹಲಗಿ ಎರಡೂ ತುದಿಗೆ ಇಟ್ರ ಅಲುಗಾಡಂಗಿಲ್ರಿ. ಕೆಲಸ ಮುಗದ ಮ್ಯಾಲೆ ನಾನ ತಂದಿಡ್ತೀನಿ.”
ಕೊಟ್ಟೆ. ಅವು ಬರೀ ಕುಂಡಗಳಲ್ಲ, ಗಡಿಕಲ್ಲುಗಳು. ಎದುರುಮನೆ ಹಂಸಾಳ ಕಾರು ನನ್ನ ರಂಗೋಲಿಯ ಮೇಲೆ ನಿಲ್ಲದಿರಲೆಂದು ಆರು ವರ್ಷದ ಹಿಂದೆ ಸ್ಥಾಪಿಸಿದ್ದು. ಅಂದಿನಿಂದ ಮಾತಿಲ್ಲ. ಈಗ ಅವಳ ಕಾರು ಗುಂಡಿಯ ಆಚೆ ದಡದಲ್ಲಿದೆ. ಖುಷಿಯಾಗಬೇಕಿತ್ತು. ಯಾಕೋ...

ಆಗಸ್ಟ್ ೭
ನಾಳೆ ವರಮಹಾಲಕ್ಷ್ಮಿ. ಪ್ರತಿ ವರ್ಷ ಬರುವವರೆಲ್ಲ ಫೋನಿನಲ್ಲೇ ಕೈಮುಗಿದರು. “ರೇಷ್ಮೆ ಸೀರೆ ಉಟ್ಕೊಂಡು ಹಲಗೆ ಮೇಲೆ ಸರ್ಕಸ್ ಆಗಲ್ಲ ಕಣ್ರೀ.” ಒಬ್ಬ ಮುತ್ತೈದೆಗಾದರೂ ಕುಂಕುಮ ಕೊಡದೆ ಹಬ್ಬ ಹೇಗೆ? ಜನಗಣತಿ ಮಾಡಿದೆ. ಇರುವುದು ಆರು ಮನೆ. ಮೂರರಲ್ಲಿ ಬ್ಯಾಚುಲರ್‌ಗಳು, ಒಂದಕ್ಕೆ ಬೀಗ, ಒಂದು ನಮ್ಮದು. ಯಜಮಾನರು ಕಳೆದ ತಿಂಗಳ ಪೇಪರನ್ನೇ ನಾಲ್ಕನೇ ಸಲ ಓದುತ್ತಾ, “ಎದುರುಗಡೆ ಒಬ್ರಿದಾರಲ್ಲ” ಅಂದರು.
ಕುಂಕುಮದ ಬಟ್ಟಲು ಉಜ್ಜಲು ಎದ್ದೆ.

ಆಗಸ್ಟ್ ೮, ಸಂಜೆ
ಗೇಟಿನಲ್ಲಿ ನಿಂತು “ಕುಂಕುಮಕ್ಕೆ ಬನ್ನಿ” ಎಂದು ಗಾಳಿಗೆ ಹೇಳಿದೆ. ಹೆಸರು ಹಿಡಿದು ಕರೆಯಲಿಲ್ಲ. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.
ಹಂಸಾ ಬಂದಳು. ಆಂಬೊಡೆ ಸಮೇತ.
“ದಪ್ಪ ಆಗಿದೀರ ವಾರಿಜಾ” ಅಂದಳು.
“ನೀವೇನ್ ಸೊರಗಿದೀರಾ?”
ಇಬ್ಬರೂ ನಕ್ಕೆವು. ಯಾಕೆ ನಕ್ಕೆವು, ತಿಳಿಯದು.

ಆಗಸ್ಟ್ ೧೯
ದಿನಾ ನಾಲ್ಕಕ್ಕೆ ರಸ್ತೆಯ ನಟ್ಟನಡುವೆ ಎರಡು ಕುರ್ಚಿ, ಕಾಫಿ. ಇವತ್ತು ಹೇಳಿದಳು: “ನೀವು ಕುಂಡ ಇಡೋ ಮುಂಚೇನೇ ನನ್ ಮಂಡಿ ಹೋಗಿತ್ತು ಕಣ್ರೀ. ನಮ್ಮನೆ ಮುಂದೆ ಮರ ಅಡ್ಡ, ಕಾರಿನ ಡೋರ್ ತೆಗೆಯೋಕಾಗಲ್ಲ. ಅದಕ್ಕೇ ನಿಮ್ ಗೇಟ್ ಹತ್ರ ನಿಲ್ಲಿಸ್ತಿದ್ದಿದ್ದು.”
ಎರಡು ವರ್ಷದ ಹಿಂದೆ ಆಪರೇಷನ್ ಕೂಡ ಆಯಿತಂತೆ. ಇಪ್ಪತ್ತು ಅಡಿ ದೂರದಲ್ಲಿ ತಿಂಗಳು ಮಲಗಿದ್ದಳು, ನನಗೆ ಗೊತ್ತಾಗಲಿಲ್ಲ. ಆಗ ರಸ್ತೆ ಚೆನ್ನಾಗಿಯೇ ಇತ್ತು. ಹಾಗಾದರೆ ದ್ವೀಪವಾಗಿದ್ದು ಯಾವಾಗ — ಈಗಲೋ, ಆಗಲೋ? ಈ ಪ್ರಶ್ನೆ ಪೇಪರಿನಲ್ಲಿ ಬಂದಿದ್ದರೆ ನಾನೇ ಫೇಲು.

ಸೆಪ್ಟೆಂಬರ್ ೨, ಮಧ್ಯಾಹ್ನ ೩.೫೦
ಡಾಂಬರು ಬಿತ್ತು. ಹಾಲು, ಪೇಪರು, ಹಾರ್ನು, ಸಕಲ ನಾಗರಿಕತೆ ವಾಪಸ್. ಬೆಳಗಿನ ರಂಗೋಲಿಯ ಮೇಲೆ ಆಗಲೇ ಯಾರದೋ ಸ್ಕೂಟರಿನ ಗೀಟು. ಡಬ್ಬಿ ತಂದು ತಿದ್ದಲು ಕೂತೆ. ಅಷ್ಟರಲ್ಲಿ ಮೌನೇಶ ಗಾಡಿಯಲ್ಲಿ ಕುಂಡ ತಂದ.
“ಎಲ್ಲಿಡ್ಲಿರಿ ಅಕ್ಕಾರ? ಮೊದಲಿದ್ದಲ್ಲೇ ಇಡ್ಲೇನ್ರಿ?”
ಹಂಸಾ ತನ್ನ ಗೇಟಿನಲ್ಲಿದ್ದಳು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಕಾರಿನ ಕೀ.
“ಒಂದ್ನಿಮಿಷ ಇರಪ್ಪ” ಎಂದು ಒಳಗೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಒಂದು ನಿಮಿಷ ಮುಗಿದು ಬಹಳ ಹೊತ್ತಾಯಿತು.
“ಅಕ್ಕಾರ! ಕುಂಡ ಎತ್ಕೊಂಡ ನಿಂತೀನ್ರಿ, ಭಾರ ಐತಿ!”
ರಂಗೋಲಿ ಹೊಸಿಲಿಗೆ ಹಾಕಿದರೂ ನಡೆದೀತು. ಲಕ್ಷ್ಮಿ ಒಳಗೆ ಬರುವುದು ಹೊಸಿಲು ದಾಟಿಯೇ ತಾನೇ. ಕುಂಡಗಳನ್ನು ಟೆರೇಸಿಗೆ—