ನಲವತ್ತನಾಲ್ಕು ಏಪ್ರನ್ ಕಳ್ಳರು

ಭಾನುವಾರ, ಬೆಳಿಗ್ಗೆ ಎಂಟೂವರೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ನನ್ನ ಮಗಳೇ,

ಮೂರು ತಿಂಗಳು ಮೊದಲೇ ತಿಳಿಸದೆ ಗಾಜಿನ ಕಾರ್ಖಾನೆ ಮುಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಮೂರು ನಿಮಿಷವೂ ಕೊಡಲಿಲ್ಲ. ಕುಲುಮೆ ಆರಿಸುವುದಿಲ್ಲ ಎಂದಿದ್ದರು, ಆರಿಸಿದರು. ಆಸ್ಪತ್ರೆಯ ಚೀಟಿ ವರ್ಷದ ಕೊನೆಯವರೆಗೂ ನಡೆಯುತ್ತದೆ ಎಂದಿದ್ದರು. ಕಿಟಕಿಯಲ್ಲಿ ಕೂತವನು ನನ್ನ ಕಣ್ಣೆದುರೇ ಅದನ್ನು ಹರಿದ. ಯಂತ್ರಗಳು ಎಲ್ಲಿಗೂ ಹೋಗುವುದಿಲ್ಲ ಎಂದು ಗೇಟಿನ ಮೇಲೇ ಬರೆದು ಅಂಟಿಸಿದ್ದರು. ಈಗ ಆ ಕಾಗದ ಇಲ್ಲ, ಅಂಟು ಮಾತ್ರ ಇದೆ. ಒಳಗೆ ಸಿಕ್ಕಿಕೊಂಡ ನಮ್ಮ ಊಟದ ಡಬ್ಬಿ, ಚಪ್ಪಲಿ, ಕೊಡೆಗಳನ್ನು ಮಾರನೆಯ ದಿನವೇ ಕೊಡುತ್ತೇವೆ ಎಂದಿದ್ದರು. ಮೂರು ತಿಂಗಳಾಯಿತು, ನನ್ನ ಡಬ್ಬಿಯ ಊಟಕ್ಕೆ ಈಗ ಗಡ್ಡ ಮೀಸೆ ಬಂದಿರಬೇಕು.

ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಹೇಳಲು ಬೆಳಗಿನಿಂದ ಕೈ ತುರಿಸುತ್ತಿದೆ. ಫೋನು ಮಾಡಿದರೆ ಎತ್ತುವುದಿಲ್ಲ ನೀನು, ಅದಕ್ಕೇ ಕಾಗದ. ಅರ್ಧಕ್ಕೆ ಹರಿಯಬೇಡ. ಸಿಕ್ಕಿಬಿಟ್ಟಿತು ಕಣೇ! ನೀನು ಬೆರಳಚ್ಚು ಮಾಡುವ ಪೊಲೀಸ್ ಠಾಣೆಯಿಂದ ಹೊರಟು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಕೂತ ಆ ಅರವತ್ತಮೂರು ಇದೆಯಲ್ಲ, ಅದರ ಹೊಟ್ಟೆಯೊಳಗೆ ಏನಿದೆ ಎಂದು ಗೊತ್ತಾಗಿಹೋಯಿತು!

ಆ ಸುದ್ದಿ ಬಂದ ದಿನ ನೆನಪಿದೆ ತಾನೆ? ಗೇಟಿಗೆ ಬೀಗ ಬಿದ್ದ ಮೇಲೆ ನಮ್ಮ ಬಡಾವಣೆಯ ಅಪರಾಧ ಹೋದ ವರ್ಷದ ಮೂವತ್ತೊಂದರಿಂದ ಅರವತ್ತಮೂರಕ್ಕೆ ಏರಿದೆ, ಕೆಲಸ ಹೋದವರು ಕಳ್ಳತನಕ್ಕೆ ಇಳಿದಿದ್ದಾರೆ ಎಂದು ಬರೆದಿದ್ದರು. ಅದನ್ನೇ ಹಿಡಿದು ದಂಡಾಧಿಕಾರಿಗಳು ಗೇಟಿನ ಬಳಿ ಐದಕ್ಕಿಂತ ಹೆಚ್ಚು ಜನ ಸೇರಬಾರದೆಂದು ಆಜ್ಞೆ ಹೊರಡಿಸಿದರು. ಅಂದಿನಿಂದ ಗೇಟಿನ ಮುಂದಿನ ನಮ್ಮ ಧರಣಿಯ ಚಪ್ಪರದಲ್ಲಿ ಐದೇ ಜನ ಕೂರುತ್ತೇವೆ. ಆರನೆಯವರು ಬಂದರೆ ಒಬ್ಬರಿಗೆ ತಟ್ಟನೆ ಬಾಯಾರಿಕೆಯಾಗುತ್ತದೆ, ನೀರಿಗೆ ಏಳುತ್ತಾರೆ. ಈಗ ಕಂಪನಿಯವರು ಆ ಚಪ್ಪರವನ್ನೂ ಕಿತ್ತುಹಾಕಿ ಎಂದು ಅರ್ಜಿ ಹಾಕಿದ್ದಾರೆ. ಗುರುವಾರ ವಿಚಾರಣೆ. ಚಪ್ಪರ ಹೋದ ಮರುದಿನವೇ ಲಾರಿಗಳು ಬರುತ್ತವೆ. ಲಾರಿ ಬಂದರೆ ಯಂತ್ರ ಹೋಗುತ್ತದೆ. ಯಂತ್ರ ಹೋದಮೇಲೆ ಕಾರ್ಖಾನೆ ಎಂದರೆ ನಾಲ್ಕು ಗೋಡೆ, ಅಷ್ಟೇ.

ಅವತ್ತು ನಿನಗೆ ನಾನು ಅಂದ ಮಾತು ಅನ್ನಬಾರದಾಗಿತ್ತು. ಪತ್ರಿಕೆಗೆ ಹೋದ ಆ ಅಪರಾಧದ ಪಟ್ಟಿಯನ್ನು ಬೆರಳಚ್ಚು ಮಾಡಿದ್ದು ನೀನೇ ಎಂದು ತಿಳಿದ ಕೂಡಲೇ, ಉಂಡ ಮನೆಯ ಜಂತೆ ಎಣಿಸಿದೆಯಲ್ಲೇ ಎಂದುಬಿಟ್ಟೆ. ನೀನು ಚಪ್ಪಲಿ ಮೆಟ್ಟಿ ಹೊರಟೆ. ಇವತ್ತಿಗೆ ಮೂರು ವಾರ.

ಕೇಳು. ಇಪ್ಪತ್ತಾರು ವರ್ಷ ಬೆಳಕಿನ ಪೆಟ್ಟಿಗೆಯ ಮುಂದೆ ಕೂತು ಬಾಟಲಿ ನೋಡಿದವಳು ನಾನು. ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ, ಬಿರುಕಿಲ್ಲ ಎಂದಾದ ಮೇಲೆ ಮುಂದಕ್ಕೆ ದೂಡುವುದು. ಬಾಟಲಿ ತುಂಬಿದ ರಟ್ಟಿನ ಡಬ್ಬದ ಮೇಲೆ ಯಾರೋ ಬರೆದ ಅಂಕಿ ನೋಡಿ ನಾನು ಮುದ್ರೆ ಒತ್ತಿದವಳಲ್ಲ. ಹಾಗಿರುವಾಗ ಈ ಅರವತ್ತಮೂರಕ್ಕೆ ಯಾಕೆ ತಲೆ ಬಾಗಿಸಲಿ? ಬುಧವಾರ ಒಂದು ನೋಟುಬುಕ್ಕು ತೆಗೆದುಕೊಂಡು ಬೀದಿಗಿಳಿದೆ. ಐದು ಬೀದಿ, ತೊಂಬತ್ತಾರು ಮನೆ. ಪ್ರತಿ ಮನೆಯಲ್ಲೂ ಎರಡೇ ಪ್ರಶ್ನೆ. ಗೇಟಿಗೆ ಬೀಗ ಬಿದ್ದಮೇಲೆ ನಿಮ್ಮಲ್ಲಿ ಏನಾದರೂ ಕಳುವಾಯಿತೇ? ಹೋದ ವರ್ಷ ಇದೇ ಮೂರು ತಿಂಗಳಲ್ಲಿ ಏನಾದರೂ ಕಳುವಾಗಿತ್ತೇ?

ಜನ ನಕ್ಕರು. ಕುಲುಮೆಯ ಬೆಂಕಿಯಣ್ಣ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದವನು, ಬರ್ಕೋ ತಾಯಿ, ಮೂರು ತಿಂಗಳಿಂದ ನನ್ ಹೆಂಡ್ತಿ ನನ್ ನಿದ್ದೆ ಕದೀತಾ ಇದಾಳೆ ಅಂದ. ಒಳಗಿನಿಂದ ಅವಳು, ಕದಿಯೋಕೆ ಈ ಮನೇಲಿ ಬೇರೆ ಏನಿದೆ ಅಂತ ಕೇಳು ಅಂದಳು. ಆಮೇಲೆ ಅವನೇ ಗಂಭೀರವಾಗಿ ಹೇಳಿದ: ಮೊದಲು ಹಗಲೆಲ್ಲ ಬೀದಿ ತುಂಬ ಬೀಗ, ಕಳ್ಳನಿಗೆ ಹಬ್ಬ. ಈಗ ಹೊಸ್ತಿಲಿಗೊಬ್ಬ ಗಂಡಸು ಕೂತಿದಾನೆ, ಕಳ್ಳ ಎಲ್ಲಿಂದ ಬರ್ತಾನೆ? ಮೊನ್ನೆ ಒಬ್ಬ ಸೈಕಲ್ಲಿಗೆ ಕೈ ಹಾಕಿದನಂತೆ. ಎಂಟು ಜನ ಎದ್ದು ನಿಂತು, ಯಾಕಪ್ಪಾ, ದಾರಿ ತಪ್ಪಿತಾ, ನೀರು ಬೇಕಾ ಎಂದು ಕೇಳಿದರಂತೆ. ಪಾಪ, ಅವನು ನೀರು ಕುಡಿದೇ ಹೋದನಂತೆ.

ತೊಂಬತ್ತಾರು ಮನೆ ಮುಗಿದಾಗ ನನ್ನ ಪುಸ್ತಕದಲ್ಲಿ ಹೋದ ವರ್ಷದ ಕಳುವು ಒಂಬತ್ತು. ಈ ವರ್ಷ ಎರಡು. ಒಂದು, ಐದನೇ ಬೀದಿಯ ನೀರಿನ ನಲ್ಲಿ. ಇನ್ನೊಂದು, ಅಂಗಡಿಯಕ್ಕನ ಅಂಗಡಿಯಿಂದ ಒಂದು ಪೊಟ್ಟಣ ಬ್ರೆಡ್ಡು. ಅದಕ್ಕೆ ಅವಳು ದೂರನ್ನೂ ಕೊಟ್ಟಿಲ್ಲ. ಹೊಟ್ಟೆಗೆ ತಗೊಂಡಿದ್ದಕ್ಕೆ ಯಾರಾದ್ರೂ ಪೊಲೀಸರ ಹತ್ರ ಹೋಗ್ತಾರಾ ಎಂದು ನನ್ನನ್ನೇ ಕೇಳಿದಳು. ಅದಿರಲಿ, ಆ ವಿಷಯ ಆಮೇಲೆ.

ಹಾಗಾದರೆ ಆ ಅರವತ್ತಮೂರು ಎಲ್ಲಿಂದ ಉದುರಿತು?

ಉತ್ತರ ಸಿಕ್ಕಿದ್ದು ಟೇಪಕ್ಕನ ಮನೆಯಲ್ಲಿ. ಪ್ಯಾಕಿಂಗ್ ವಿಭಾಗದಲ್ಲಿ ಹಲ್ಲಿನಲ್ಲೇ ಟೇಪು ಕತ್ತರಿಸುತ್ತಿದ್ದಳಲ್ಲ, ಅವಳೇ. ನಾನು ಕಳ್ಳತನ ಎಂದ ಕೂಡಲೇ ಅವಳ ಮುಖ ಬಿಳಿಚಿತು. ಬಾಗಿಲು ಹಾಕಿದಳು. ಹಾಸಿಗೆಯ ಕೆಳಗಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದ ತೆಗೆದಳು. ಅಕ್ಕಾ, ಯಾರಿಗೂ ಹೇಳ್ಬೇಡ, ಈ ಬಡಾವಣೇಲಿ ಕಳ್ಳಿ ಅಂತ ಇರೋಳು ನಾನೊಬ್ಬಳೇ ಅಂದಳು. ಪೊಲೀಸ್ ನೋಟೀಸು. ಕಂಪನಿಯ ಭದ್ರತಾ ಅಧಿಕಾರಿಯ ದೂರು. ಕದ್ದ ಮಾಲು: ಏಪ್ರನ್ ಒಂದು, ಕೈಗವಸು ಒಂದು ಜೊತೆ, ಕಣ್ಣಿಗೆ ಕಟ್ಟುವ ಕನ್ನಡಕ ಒಂದು.

ನಾನು ಎದ್ದು ಮನೆಗೆ ಓಡಿದೆ. ಹೊಲಿಗೆ ಯಂತ್ರದ ಖಾನೆಯ ಅಡಿಯಿಂದ ನನ್ನ ಹಳದಿ ಕಾಗದ ತಂದು ಅವಳದರ ಪಕ್ಕಕ್ಕಿಟ್ಟೆ. ಹೌದು ಮಗಳೇ, ನನಗೂ ಬಂದಿತ್ತು. ನಿನಗೆ ಹೇಳಿರಲಿಲ್ಲ. ಒಂದೇ ಮಾಲು, ಒಂದೇ ದಿನಾಂಕ, ಒಂದೇ ಒಕ್ಕಣೆ. ಇಬ್ಬರೂ ನಕ್ಕೆವು ನೋಡು, ಟೇಪಕ್ಕ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು.

ನೆನಪಿದೆಯಾ, ಬೀಗ ಹಾಕಿದ ಬಗೆ? ಬೆಂಕಿ ಬಿದ್ದರೆ ಓಡುವ ಅಭ್ಯಾಸ ಎಂದು ಗಂಟೆ ಬಾರಿಸಿದರು. ನಾವು ಎರಡನೇ ಪಾಳಿಯ ನಲವತ್ತನಾಲ್ಕೂ ಜನ ಇದ್ದ ಹಾಗೇ, ಏಪ್ರನ್ ಉಟ್ಟು, ಕನ್ನಡಕ ಹಣೆಗೇರಿಸಿಕೊಂಡು ಗೇಟಿನಾಚೆ ಓಡಿ ಸಾಲಾಗಿ ನಿಂತೆವು. ಮೂರೇ ನಿಮಿಷದಲ್ಲಿ ಖಾಲಿಯಾಯಿತೆಂದು ಬೆಂಕಿಯಣ್ಣ ಚಪ್ಪಾಳೆ ಬೇರೆ ಹೊಡೆದ. ಹಿಂದಿನಿಂದ ಬೀಗ ಬಿತ್ತು. ಮೈಮೇಲಿನ ಏಪ್ರನ್ ವಾಪಸು ಕೊಡೋಣವೆಂದರೆ ಗೇಟು ತೆರೆಯಲೇ ಇಲ್ಲ. ತೆರೆಯದ ಗೇಟಿನವರೇ ತಲೆಗೊಂದು ಕಳ್ಳತನದ ಕೇಸು ಜಡಿದರು!

ಆ ಸಂಜೆ ಟೇಪಕ್ಕ ತನ್ನ ನೋಟೀಸನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಳು. ಪಕ್ಕದಲ್ಲಿ ನನ್ನದು. ಎದುರು ಮನೆಯವಳು ಬಂದು ನಿಂತು ಓದಿದಳು, ಒಳಗೆ ಹೋದಳು, ತನ್ನದನ್ನು ತಂದಳು. ಬೆಂಕಿಯಣ್ಣನದು ಗೋಡೆಯ ಕನ್ನಡಿಯ ಹಿಂದೆ ಇತ್ತು, ಹೆಂಡತಿಗೇ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹಗ್ಗದ ಮೇಲೆ ನಲವತ್ತನಾಲ್ಕು ಹಳದಿ ಕಾಗದ! ಎರಡು ತಿಂಗಳು ಒಂದೇ ಬೀದಿಯಲ್ಲಿ ಎದುರುಬದುರು ಕೂತಿದ್ದೆವು. ಪ್ರತಿಯೊಬ್ಬರೂ ತಾನೊಬ್ಬನೇ ಕಳ್ಳ ಎಂದು ತಲೆ ತಗ್ಗಿಸಿಕೊಂಡಿದ್ದೆವು. ಅವರು ನೋಟೀಸು ಕಳಿಸಿದ್ದು ಏಪ್ರನ್ನಿಗಲ್ಲ ಕಣೇ, ಈ ನಾಚಿಕೆಗೆ. ನಾಚಿಕೆ ಇರುವವನು ಚಪ್ಪರಕ್ಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅರವತ್ತಮೂರರಲ್ಲಿ ನಲವತ್ತನಾಲ್ಕು ಕಳೆ. ಹತ್ತೊಂಬತ್ತು! ಹೋದ ವರ್ಷ ಮೂವತ್ತೊಂದು! ಅಪರಾಧ ಏರಿಲ್ಲ, ಇಳಿದಿದೆ. ಕಷ್ಟಕಾಲ ಬಂದರೆ ಬಡವನ ಕೈ ಉದ್ದವಾಗುತ್ತದೆ ಎಂದು ಬರೆಯುತ್ತಾರಲ್ಲ, ಇಲ್ಲಿ ಯಾರ ಕೈ ಉದ್ದವಾಯಿತು?

ಬೆಂಕಿಯಣ್ಣ ಸುಮ್ಮನಿರುವವನಲ್ಲ. ನಿನ್ನೆಯೇ ನಮ್ಮನ್ನೆಲ್ಲ ಠಾಣೆಗೆ ಹೊರಡಿಸಿದ. ನಿನಗೆ ನಿನ್ನೆ ರಜೆ, ಅದಕ್ಕೇ ಸುದ್ದಿ ಮುಟ್ಟಿಲ್ಲ. ನಲವತ್ತನಾಲ್ಕು ದೂರು ಬರೆದುಕೊಂಡು ಹೋದೆವು, ಐದೈದು ಜನರ ಗುಂಪಾಗಿ, ಆಜ್ಞೆಗೆ ಚ್ಯುತಿ ಬಾರದ ಹಾಗೆ. ಕಳುವಾದ ಮಾಲು: ಊಟದ ಡಬ್ಬಿ, ಚಪ್ಪಲಿ, ಕೊಡೆ. ಇಟ್ಟುಕೊಂಡವರು: ಕಂಪನಿ. ನಿಮ್ಮ ಮೀಸೆ ಹೆಡ್ ಕಾನ್‌ಸ್ಟೆಬಲ್ ಓದಿ ತಲೆ ಕೆರೆದುಕೊಂಡ. ಇದು ಕಳ್ಳತನ ಆಗಲ್ಲಮ್ಮಾ, ಇದು ಆಡಳಿತದ ವಿಷಯ ಅಂದ. ಅಯ್ಯಾ, ಅವರ ಏಪ್ರನ್ ನಮ್ಮ ಮೈಮೇಲಿದ್ರೆ ಕಳ್ಳತನ, ನಮ್ಮ ಡಬ್ಬಿ ಅವರ ಬೀಗದೊಳಗಿದ್ರೆ ಆಡಳಿತವೋ ಎಂದೆ. ಹಿಂದಿನ ಬೆಂಚಿನಲ್ಲಿದ್ದ ಇನ್ನೊಬ್ಬ ಪೊಲೀಸಿನವನು ಕೆಮ್ಮಿದ ಹಾಗೆ ಮಾಡಿ ನಕ್ಕ. ದೂರು ದಾಖಲಿಸಲಿಲ್ಲ. ಆದರೆ ತೆಗೆದುಕೊಂಡದ್ದಕ್ಕೆ ಒಂದೊಂದಕ್ಕೂ ಠಸ್ಸೆ ಹೊಡೆದು ಕೊಟ್ಟ. ನಮಗೆ ಅಷ್ಟೇ ಬೇಕಾಗಿದ್ದದ್ದು.

ಈಗ ನಿನ್ನ ವಿಷಯ. ನಿನ್ನೆ ಆ ಹಗ್ಗದ ಕೆಳಗೆ ನಿಂತು ನನ್ನ ನೋಟೀಸನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ. ಅಭ್ಯಾಸಬಲ. ಉಳಿದ ನಲವತ್ತಮೂರರಲ್ಲೂ ಹೆಸರು, ವಿಳಾಸ ಒಂದೇ ಅಳತೆಯಲ್ಲಿ ನೆಟ್ಟಗೆ ಇವೆ. ನನ್ನದರಲ್ಲಿ ಮಾತ್ರ ನಾಲ್ಕು ಕಡೆ ತಪ್ಪು ಬೆರಳು ಬಿದ್ದಿದೆ. ನನ್ನ ಹೆಸರನ್ನೇ ಎರಡು ಸಲ ತಪ್ಪಾಗಿ ಬರೆದಿದೆ. ಚಿಕ್ಕಂದಿನಿಂದ ಒಂದಕ್ಷರ ತಪ್ಪದೆ ಬರೆಯುವ ನನ್ನ ಮಗಳ ಬೆರಳು ಅಲ್ಲಿ ಏಕೆ ನಡುಗಿತು ಎಂದು ಹೊಳೆಯಲು ನನಗೆ ಇಷ್ಟು ದಿನ ಬೇಕಾಯಿತಲ್ಲ, ದಡ್ಡಿ ನಾನು. ನೀನು ಮನೆಗೆ ಬರದಿದ್ದದ್ದು ನನ್ನ ಮಾತಿಗೆ ಮಾತ್ರವಲ್ಲ. ನೀನೂ ಒಬ್ಬಳೇ ತಲೆ ತಗ್ಗಿಸಿಕೊಂಡು ಕೂತಿದ್ದೆ. ನಲವತ್ತೈದನೆಯವಳು.

ಮರೀ, ನೀನು ಯಾವ ಕಡತವನ್ನೂ ಮುಟ್ಟಬೇಡ. ಒಂದು ಹಾಳೆಯನ್ನೂ ತರಬೇಡ. ನಿನ್ನ ಕೆಲಸಕ್ಕೆ ಸಂಚಕಾರ ತಂದು ಗೆಲ್ಲುವ ಗೆಲುವು ನನಗೆ ಬೇಡ. ಕಾಗದ ನಮ್ಮ ಹಗ್ಗದ ಮೇಲಿದೆ, ಅದು ಸಾಕು. ಗುರುವಾರ ನಲವತ್ತನಾಲ್ಕು ಜನವೂ ಏಪ್ರನ್ ಉಟ್ಟು, ಕನ್ನಡಕ ಹಣೆಗೇರಿಸಿ ಹೋಗುತ್ತೇವೆ. ಕದ್ದ ಮಾಲನ್ನು ಮೇಜಿನ ಮೇಲಿಟ್ಟು ನಮ್ಮ ಡಬ್ಬಿ ಕೇಳುತ್ತೇವೆ! ನಿನಗೆ ರಜೆ ಸಿಕ್ಕರೆ, ಠಾಣೆಯವಳಾಗಿ ಅಲ್ಲ, ನನ್ನ ಮಗಳಾಗಿ ಹಿಂದಿನ ಸಾಲಿನಲ್ಲಿ ಕೂತುಕೋ. ನನಗೆ ಕಂಡರೆ ಸಾಕು.

ಈ ಕಾಗದವನ್ನು ಬೆಂಕಿಯಣ್ಣನೇ ನಿನ್ನ ಕೋಣೆಗೆ ತಂದುಕೊಡುತ್ತಾನೆ. ಅವನಿಗೆ ಒಂದು ಲೋಟ ಚಹಾ ಕೊಡು. ಅವನ ಜೋಕಿಗೆ ನಗಬೇಡ, ಇನ್ನೂ ಹತ್ತು ಹೇಳುತ್ತಾನೆ.

ನಿನ್ನ,
ಏಪ್ರನ್ ಕಳ್ಳಿ ಅಮ್ಮ

ಮತ್ತೆ: ಮೊಹರು ಮಾಡಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಆ ಬ್ರೆಡ್ಡಿನ ಪೊಟ್ಟಣ ತೆಗೆದವಳು ನಾನು. ನೀನು ಕಳಿಸಿದ ಹಣವನ್ನು ಸಿಟ್ಟಿನಲ್ಲಿ ವಾಪಸು ಕಳಿಸಿದ ನಾಲ್ಕನೇ ದಿನ. ಅಂಗಡಿಯಕ್ಕ ಒಳಗೆ ಸೀಮೆಎಣ್ಣೆ ಅಳೆಯುತ್ತಿದ್ದಳು. ಇದೇ ಏಪ್ರನ್ನಿನ ದೊಡ್ಡ ಜೇಬಿಗೆ ಇಳಿಸಿಕೊಂಡು ಬಂದೆ. ಮನೆಯಲ್ಲಿ ನಿಂತೇ ತಿಂದೆ. ಅವಳು ಅದನ್ನು ಹೇಳುವಾಗ ನೋಟುಬುಕ್ಕಿನಲ್ಲಿ ಗೀಟು ಹಾಕಿದ್ದೂ ಇದೇ ಕೈ. ಕಷ್ಟಕಾಲ ಯಾರನ್ನೂ ಕಳ್ಳರನ್ನಾಗಿ ಮಾಡುವುದಿಲ್ಲ ಎಂದು ಗುರುವಾರ ನಾನು ಹೇಳಿದರೆ ಅದು ಬಿರುಕು ಬಾಟಲಿ. ಅಂಥದ್ದನ್ನು ನಾನು ಮುಂದಕ್ಕೆ ದೂಡಲಾರೆ. ನಲ್ಲಿ ಕದ್ದವರು ಯಾರೋ ಗೊತ್ತಿಲ್ಲ, ಗೊತ್ತಿರುವುದು ತೊಂಬತ್ತಾರು ಮನೆಗೆ ಒಬ್ಬಳು, ಅವಳು ನಾನು, ಮೂರು ತಿಂಗಳ ಹಸಿವಿಗೆ ಒಂದು ಬ್ರೆಡ್ಡು, ಬರೆದುಕೊಳ್ಳಿ ಎಂದೇ ಹೇಳುತ್ತೇನೆ. ಹೇಳುವ ಮೊದಲು ಅಂಗಡಿಯಕ್ಕನಿಗೆ ಹೇಳಬೇಕು. ಕಾಲು ಬರುತ್ತಿಲ್ಲ, ಜೊತೆಗೆ ನೀನು ಬಾ. ಬುಧವಾರ ಸಂಜೆ ಐದಕ್ಕೆ ಅಂಗಡಿಯ ಮುಂದೆ. ಆಮೇಲೆ ನಾವಿಬ್ಬರೂ, ಉಳಿದ ನಲವತ್ತಮೂರು ಜನವೂ, ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ದಂಡಾಧಿಕಾರಿಗಳ ಕಚೇರಿ, ಎರಡನೇ ಮಹಡಿ.